ಅಳಿಯನಿಗೆ ನಡುಕ ಕಲಿಸಿದ ಉಸ್ತಾದರು

ಹೋದ ವಾರ ಕೋಠಿ ಪೇಟೆಯಿಂದ ಹೊಲಿಗೆ ಮಶೀನು ರಿಪೇರಿ ಮಾಡುವವನು ಮನೆಗೆ ಬಂದಿದ್ದ. ಸೊಸೆಯ ಮಶೀನು ಆರು ತಿಂಗಳಿಂದ ಬಿಗಿದುಕೊಂಡು ಕೂತಿತ್ತು. ಅವನು ಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು, ಹಲ್ಲುಜ್ಜುವ ಹಳೆಯ ಬ್ರಶ್ಶನ್ನು ಅದರಲ್ಲಿ ಅದ್ದಿದ. ಚಿಮಣಿ ಎಣ್ಣೆಯ ವಾಸನೆ ಮನೆ ತುಂಬ ಹರಡಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ಈಗ ರೇಷನ್ ಅಂಗಡಿಯಲ್ಲೂ ಅದು ಸಿಗುವುದಿಲ್ಲ. ಎಲ್ಲಿಂದ ತಂದೆಯಪ್ಪಾ ಎಂದು ಕೇಳಿದರೆ ಅವನು ನಕ್ಕನೇ ಹೊರತು ಹೇಳಲಿಲ್ಲ.

ಹದಿನಾರು ವರ್ಷ ಆ ಎಣ್ಣೆಯಲ್ಲಿ ಕೈ ಅದ್ದಿದವಳು ನಾನು. ಆ ವಾಸನೆ ಬಂದರೆ ನನ್ನ ಕೈಗಳು ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಾದದ್ದು ನನ್ನೆದುರು ಕೂರುತ್ತಿದ್ದ ಉಸ್ತಾದರ ಕೈಗಳು...

ನಾವು ಸೇಡಂ ಕಡೆಯವರು, ಹೊಟ್ಟೆಪಾಡಿಗೆ ತೆಲುಗು ಸೀಮೆಗೆ ಬಂದವರು. ನನ್ನ ಗಂಡ ಪಟಾನ್‌ಚೆರುವಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅವನ ಎದೆ ಕೈಕೊಟ್ಟ ಮೇಲೆ ನಾನು ಕೆಲಸ ಹುಡುಕಿದೆ. ಓದಿದ್ದು ಮೂರನೆಯ ಇಯತ್ತೆ. ಬಾಲಾನಗರದ ಒಂದು ಶೆಡ್ಡಿನಲ್ಲಿ, ಅಂಕಿ ಓದಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಮರುದಿನ ಬಾ ಎಂದರು. ನನಗೆ ಕೆಲಸ ಕೊಡಿಸಿದ್ದು ಆ ಅಂಕಿಗಳೇ.

ಅಲ್ಲಿ ಡೀಸೆಲ್ ಇಂಜಿನ್ನಿನ ಪಂಪಿಗೆ ಹಾಕುವ ಒಂದು ಸಾಮಾನು ತಯಾರಾಗುತ್ತಿತ್ತು. ಬೆರಳುದ್ದದ ಉಕ್ಕಿನ ಕೊಳವೆ, ಅದರೊಳಗೆ ಹೋಗುವ ಉಕ್ಕಿನ ಕಡ್ಡಿ. ಕೊಳವೆಗೆ ಬ್ಯಾರೆಲ್, ಕಡ್ಡಿಗೆ ಪ್ಲಂಜರ್ ಎಂದು ಹೆಸರು. ನಾವು ಹೆಂಗಸರು ಹೆಂಡತಿ, ಗಂಡ ಎನ್ನುತ್ತಿದ್ದೆವು. ಎರಡರ ನಡುವೆ ಕೂದಲು ಹಿಡಿಯುವಷ್ಟೂ ಜಾಗವಿಲ್ಲ. ಒಂದು ಕೂದಲನ್ನು ಉದ್ದಕ್ಕೆ ಮೂವತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ಸಂದು ಎಂದು ಉಸ್ತಾದರು ಹೇಳುತ್ತಿದ್ದರು. ಅವರು ಸೀಳಿ ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ಒಂದು ಕಡ್ಡಿಯನ್ನು ಒಂದೇ ಕೊಳವೆಗೆಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ನಂಬರು ಕೊರೆಯುತ್ತಿದ್ದರು. ಅವಳ ಗಂಡ ಇವಳಿಗೆ ಹೋದರೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಗೆರೆ ಬೀಳುತ್ತದೆ, ಗೆರೆ ಬಿದ್ದರೆ ಎರಡೂ ಗುಜರಿಗೆ.

ನಾನು ಅವನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ನಂಬರು ನೋಡಿ, ಜೋಡಿ ಜೋಡಿಯಾಗಿ ತಾಟಿನಲ್ಲಿ ಇಡಬೇಕು. ಎದುರು ಬೆಂಚಿನ ಮೇಲೆ ಉಸ್ತಾದರು ಒಂದನ್ನೊಂದರೊಳಗೆ ಇಳಿಸಬೇಕು. ಇಳಿಸಿದ ಮೇಲೆ ಕೊಳವೆಯನ್ನು ಓರೆಯಾಗಿ ಹಿಡಿದು, ಕಡ್ಡಿಯನ್ನು ಸ್ವಲ್ಪ ಹೊರಗೆಳೆದು ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಒಳಗೆ ಹೋಗಬೇಕು. ದಡಕ್ಕನೆ ಹೋದರೆ ಸಡಿಲ, ನಡುವೆ ನಿಂತರೆ ಬಿಗಿ. ಎರಡೂ ಬೇಡ.

ಉಸ್ತಾದರು ಬೀದರ ಕಡೆಯವರು. ಅರವತ್ತು ದಾಟಿತ್ತು. ಇನ್ನೂ ನಾಲ್ಕು ಜನ ಇಳಿಸುವವರಿದ್ದರು, ಆದರೆ ಬಿಗಿಯಾದ ಜೋಡಿಗಳೆಲ್ಲ ಇವರ ಮುಂದೆಯೇ ಬರುತ್ತಿದ್ದವು. ಹೊಸಬರು ಬಂದರೆ ಅವರು ಕಲಿಸುತ್ತಿದ್ದದ್ದು ಒಂದೇ ಮಾತು: "ಪುಸಲಾಯಿಸಬೇಕು, ದಬಾಯಿಸಬಾರದು." ಕಡ್ಡಿಯನ್ನು ಅಂಗೈಯಲ್ಲಿ ಹಿಡಿಯಲು ಬಿಡುತ್ತಿರಲಿಲ್ಲ. ಮೂರು ಉಸಿರು ಬಿಡುವಷ್ಟು ಹೊತ್ತು ಹಿಡಿದರೆ ಮೈ ಬಿಸಿಗೆ ಅದು ಉಬ್ಬುತ್ತದೆ, ಉಬ್ಬಿದರೆ ಹೋಗುವುದಿಲ್ಲ. ಎರಡು ಬೆರಳ ತುದಿಯಲ್ಲಿ ಹಿಡಿಯಬೇಕು, ಕೊಳವೆಯ ಬಾಯಿಗೆ ಮುಟ್ಟಿಸಬೇಕು, ಕೈ ಸಡಿಲ ಬಿಡಬೇಕು. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಬಿಗಿ ಜೋಡಿಗಳನ್ನು ಮುಗಿಸಿಬಿಡುತ್ತಿದ್ದರು. ಬಿಸಿಲೇರಿದ ಮೇಲೆ ಉಕ್ಕಿಗೂ ಸಿಟ್ಟು ಬರುತ್ತದೆ ಎನ್ನುತ್ತಿದ್ದರು.

ಬೆಳಿಗ್ಗೆ ಬಂದವರೇ ನನ್ನ ತಾಟನ್ನು ತಮ್ಮ ಕಡೆ ಎಳೆದುಕೊಂಡು, ತುಟಿ ಅಲುಗಿಸುತ್ತ ಒಂದೊಂದರ ಮೇಲೂ ಬೆರಳಾಡಿಸುತ್ತಿದ್ದರು. ಒಂದೆರಡನ್ನು ಎತ್ತಿ ಅತ್ತಿತ್ತ ಇಡುತ್ತಿದ್ದರು. ಕೆಲಸಕ್ಕೆ ಮುಂಚೆ ದೇವರ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ನಮ್ಮಲ್ಲೂ ಒಲೆ ಹಚ್ಚುವ ಮುಂಚೆ ಕೈ ಮುಗಿಯುವುದಿಲ್ಲವೇ...

ಅವರ ಕೈ ನಡುಗುವುದು ನನಗೆ ಮೊದಲು ಕಂಡದ್ದು ಬಸಿಯಲ್ಲಿ. ಅವರು ಯಾವಾಗಲೂ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುವವರು. ಒಂದು ದಿನ ಬಸಿ ಬಿಟ್ಟು ಸ್ಟೀಲ್ ಲೋಟ ತಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಎದುರು ಕೂತವಳಿಗೆ ಕಾಣದೆ ಇರುತ್ತದೆಯೇ? ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈಯನ್ನು ಬೆಂಚಿಗೆ ಒತ್ತಿ ಕುಡಿಯುತ್ತಿದ್ದರು. ಮರುವಾರದಿಂದ ಅವರ ಚಹಾ ನಾನೇ ತರತೊಡಗಿದೆ, ಅರ್ಧ ಲೋಟ ಮಾತ್ರ.

ಗೊತ್ತಾದರೆ ಬೆಂಚಿನಿಂದ ಎಬ್ಬಿಸುತ್ತಾರೆ ಎಂಬುದು ಇಬ್ಬರಿಗೂ ತಿಳಿದಿತ್ತು. ನಡುಗುವ ಕೈಗೆ ಇಂಥ ಸಾಮಾನು ಯಾರು ಕೊಡುತ್ತಾರೆ? ಅವರಿಗೆ ಮಕ್ಕಳಿದ್ದರು, ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ಮನೆಯಲ್ಲಿ ಕೂತರೆ ತಾವು ಉಸ್ತಾದರಲ್ಲ, ಬರೀ ಮುದುಕ ಎಂದು ಒಮ್ಮೆ ಹೇಳಿದ್ದರು. ಆ ಬೆಂಚು ಬಿಟ್ಟು ಅವರಿಗೆ ಬೇರೇನೂ ಬೇಕಿರಲಿಲ್ಲ.

ನನ್ನದೂ ಒಂದು ಮುಚ್ಚಿಟ್ಟ ಮಾತಿತ್ತು. ಕಣ್ಣಿಗೆ ಪೊರೆ ಬರತೊಡಗಿತ್ತು. ಮೂರು ಎಂಟರಂತೆ, ಒಂದು ಏಳರಂತೆ ಕಾಣುತ್ತಿತ್ತು. ಅಂಕಿ ಓದುವವಳೆಂದು ಸೇರಿದವಳು ಅಂಕಿ ಕಾಣುವುದಿಲ್ಲ ಎಂದರೆ ಮುಗಿಯಿತು. ಉಗುರಿನಿಂದ ಕೆರೆದು ನೋಡಿ, ಅಂದಾಜಿನ ಮೇಲೆ ಜೋಡಿ ಇಡುತ್ತಿದ್ದೆ. ಒಂದೂ ಕೆಡುತ್ತಿರಲಿಲ್ಲ. ನನ್ನ ಅಂದಾಜು ಗಟ್ಟಿ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಹೊತ್ತಿಗೆ ಮಾಲಕರು ಮಶೀನಿನ ತೋಳು ತರಿಸಿದರು. ಭುಜ, ಮೊಣಕೈ, ಮಣಿಕಟ್ಟು, ಎಲ್ಲ ಇರುವ ಹಳದಿ ಬಣ್ಣದ ಒಂದು ತೋಳು. ತುದಿಗೆ ಎರಡು ಬೆರಳು. ಅದಕ್ಕೊಂದು ಗಾಜಿನ ಖೋಲಿ, ಖೋಲಿಗೆ ಏಸಿ. ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬುಡಕ್ಕೆ ನಿಂಬೆಹಣ್ಣು ಇಟ್ಟರು. ನಮ್ಮ ಜೊತೆ ಪ್ಯಾಕಿಂಗ್ ಮಾಡುತ್ತಿದ್ದ ನಾರಾಯಣಪೇಟೆಯವಳ ಬಾಯಿ ಸುಮ್ಮನಿರುವುದಿಲ್ಲ. "ಹಾರ ಹಾಕ್ಯಾರ, ಆರತಿ ಮಾಡ್ಯಾರ, ತಣ್ಣನ್ನ ಖೋಲ್ಯಾಗ ಕುಂದರಿಸ್ಯಾರ. ಇದು ಮಶೀನಲ್ಲ ಬಿಡ್ರಿ, ಮನೀ ಅಳಿಯ," ಎಂದಳು. ಅಂದಿನಿಂದ ಅದರ ಹೆಸರು ಅಳಿಯ.

ಅಳಿಯನಂತೆಯೇ ಇತ್ತು ಅದರ ಕೆಲಸ. ಕಡ್ಡಿ ಎತ್ತುವುದು, ನೇರವಾಗಿ ಕೊಳವೆಯ ಬಾಯಿಗೆ ತರುವುದು, ಒತ್ತುವುದು. ಕಣ್ಣಿಗೆ ಕಾಣದಷ್ಟು ಓರೆಯಾದರೂ ಸಾಕು, ಕಿರ್ರೆಂದು ಕಚ್ಚಿಕೊಳ್ಳುತ್ತಿತ್ತು. ಕೆಂಪು ದೀಪ ಹತ್ತಿ ತೋಳು ಹಾಗೆಯೇ ನಿಂತುಬಿಡುತ್ತಿತ್ತು. ಅಳಿಯ ಮುನಿಸಿಕೊಂಡಾನ, ಉಂಗುರ ಹಾಕ್ರಿ ಎಂದು ನಾರಾಯಣಪೇಟೆಯವಳು ಕೂಗುತ್ತಿದ್ದಳು. ಕೆಟ್ಟ ಜೋಡಿಗಳಿಂದ ಒಂದು ಬಕೆಟ್ಟು ತುಂಬಿತು. ಉಸ್ತಾದರು ಗಾಜಿನ ಆಚೆ ಕೈ ಜೇಬಿನಲ್ಲಿಟ್ಟುಕೊಂಡು ನಿಂತು ನೋಡುತ್ತಿದ್ದರು. "ತಾಕತ್ತು ಐತಿ. ತಮೀಜ್ ಇಲ್ಲ," ಎಂದರು. ಬಲವಿದೆ, ನಡವಳಿಕೆ ಇಲ್ಲ ಎಂದು.

ತೋಳಿನ ಜೊತೆ ಅದನ್ನು ಮಾರಿದ ಕಂಪನಿಯ ಒಬ್ಬ ಇಂಜಿನಿಯರ್ ಹುಡುಗಿ ಬಂದಿದ್ದಳು. ವರಂಗಲ್ಲಿನವಳು, ಕನ್ನಡಕ, ತೆಳ್ಳಗೆ. ದಿನವಿಡೀ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಗಾಜಿನ ಖೋಲಿಯಲ್ಲಿ ಕೂರುತ್ತಿದ್ದಳು. ಊಟಕ್ಕೆ ಮಾತ್ರ ನಮ್ಮ ಜೊತೆ ಬರುತ್ತಿದ್ದಳು. ನಮ್ಮ ರೊಟ್ಟಿ ಅವಳಿಗೆ, ಅವಳ ಪುಳಿಹೋರ ನಮಗೆ. ಇಳಿಸುವವರ ಕೈಗಳನ್ನೆಲ್ಲ ಮೊಬೈಲಿನಲ್ಲಿ ಚಿತ್ರ ಹಿಡಿದಳು. ಉಸ್ತಾದರು ಮಾತ್ರ ಒಪ್ಪಲಿಲ್ಲ. ಅವಳು ಹತ್ತಿರ ಬಂದರೆ ಕೈ ಜೇಬಿಗೆ ಹೋಗುತ್ತಿತ್ತು. "ಕೈ ಏನ ನೋಡ್ತಿ ಮಗಳ, ಕಿವಿ ಇಟ್ಟು ಕೇಳು. ಹೋಗುವಾಗ ಸಪ್ಪಳ ಹ್ಯಾಂಗ ಆಗ್ತೈತಿ, ಕಚ್ಚುವಾಗ ಹ್ಯಾಂಗ ಆಗ್ತೈತಿ, ಕೇಳು," ಎಂದು ತಿರುಗಿಸುತ್ತಿದ್ದರು. ಪುಸಲಾಯಿಸಬೇಕು ಎಂಬ ಮಾತನ್ನು ಅವಳು ತನ್ನ ಪುಸ್ತಕದಲ್ಲಿ ತೆಲುಗಿನಲ್ಲಿ ಬರೆದುಕೊಂಡಳು. ಬರೆದುಕೊಂಡರೆ ಉಕ್ಕಿಗೆ ತಿಳಿಯುತ್ತದೆಯೇ?

ತಿಂಗಳು ಕಳೆಯಿತು. ಮಾಲಕರು ಕೂಗಾಡತೊಡಗಿದರು. ತೋಳನ್ನು ಕಟ್ಟಿ ವಾಪಸು ಕಳಿಸುತ್ತೇನೆ ಎಂದರು. ಒಂದು ಮಧ್ಯಾಹ್ನ ಹುಡುಗಿ ಡಬ್ಬಿ ಬಿಚ್ಚದೆ ನನ್ನ ಪಕ್ಕ ಕೂತಳು. ಅಳುತ್ತಿರಲಿಲ್ಲ, ಆದರೆ ಅಳುವುದಕ್ಕೆ ಹೆಚ್ಚು ದೂರವೂ ಇರಲಿಲ್ಲ. ಅಮ್ಮಾ, ಎಲ್ಲರ ಕೈಯಲ್ಲೂ ದಿನಕ್ಕೆ ಒಂದೆರಡು ಕಚ್ಚುತ್ತವೆ, ಉಸ್ತಾದರ ಕೈಯಲ್ಲಿ ಒಂದೂ ಯಾಕೆ ಕಚ್ಚುವುದಿಲ್ಲ ಎಂದು ಕೇಳಿದಳು.

ನನಗೆ ಅದು ಗೊತ್ತಿತ್ತು. ಆ ನಡುಕವನ್ನು ಎರಡು ವರ್ಷ ಎದುರು ಕೂತು ನೋಡಿದ್ದೆ. ಮೊದಲು ಅವರ ಕೈಯಲ್ಲೂ ಆಗೀಗ ಒಂದು ಕಚ್ಚುತ್ತಿತ್ತು. ಕೈ ನಡುಗಲು ಹತ್ತಿದ ಮೇಲೆ ನಿಂತುಹೋಗಿತ್ತು. ನಾನು ರೊಟ್ಟಿ ಮುರಿಯುತ್ತ ಹೇಳಿಬಿಟ್ಟೆ: "ಅವರ ಕೈ ನಡಗತಾವ. ಅದಕ್ಕಽ ಹೋಗ್ತೈತಿ. ಸೇರಿನ್ಯಾಗ ಜ್ವಾಳ ಅಳೀವಾಗ ಅಲ್ಲಾಡಿಸಿದ್ರ ಹ್ಯಾಂಗ ಕುಂದರ್ತಾವು, ಹಂಗ."

ಇದನ್ನು ನಾನು ಅವಳಿಗೆ ತೆಲುಗಿನಲ್ಲಿ ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗಲಾದರೂ ನಾಲಿಗೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಹುಡುಗಿ ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದು ಎದ್ದು ಗಾಜಿನ ಖೋಲಿಗೆ ಹೋದಳು. ಕೈ ಕೂಡ ತೊಳೆಯಲಿಲ್ಲ.

ನಾಲ್ಕು ದಿನ ಅವಳು ಊಟಕ್ಕೆ ಬರಲಿಲ್ಲ. ಐದನೆಯ ದಿನ ನಮ್ಮನ್ನೆಲ್ಲ ಗಾಜಿನ ಹತ್ತಿರ ಕರೆದಳು. ತೋಳು ಕಡ್ಡಿ ಎತ್ತಿತು. ಕೊಳವೆಯ ಬಾಯಿಗೆ ತಂದಿತು. ಒತ್ತಲಿಲ್ಲ. ಮಣಿಕಟ್ಟು ಸಡಿಲವಾಯಿತು, ತುದಿಯ ಬೆರಳು ಸಣ್ಣಗೆ ನಡುಗಿತು, ಚಳಿಗೆ ನಡುಗಿದ ಹಾಗೆ. ಆಮೇಲೆ ಬಿಟ್ಟುಬಿಟ್ಟಿತು. ಕಡ್ಡಿ ತಾನೇ ಮೆಲ್ಲಗೆ ಇಳಿಯಿತು. ಇನ್ನೊಂದು. ಮತ್ತೊಂದು. ಕೆಂಪು ದೀಪ ಹತ್ತಲಿಲ್ಲ. ಅಳಿಯಗ ಸಂಸಾರ ಮಾಡೂದು ಬಂತು ಎಂದಳು ನಾರಾಯಣಪೇಟೆಯವಳು. ಎಲ್ಲರೂ ನಕ್ಕರು. ಉಸ್ತಾದರು ನಗಲಿಲ್ಲ. ಆ ಬೆರಳನ್ನೇ ನೋಡುತ್ತಿದ್ದರು. ತನ್ನ ಅಂಗಿಯನ್ನು ಬೇರೆಯವನ ಮೈಮೇಲೆ ನೋಡಿದವನ ಮುಖ ಹೇಗಿರುತ್ತದೋ ಹಾಗಿತ್ತು.

ಮುಂದಿನ ಸೋಮವಾರ ಸಾಮಾನು ಕೊಳ್ಳುವ ಕಂಪನಿಯವರು ನೋಡಲು ಬಂದರು. ಸೂಟು ಹಾಕಿದ ಮೂವರು. ತೋಳು ಒಂದು ತಾಟು ಪೂರ್ತಿ ಇಳಿಸಿತು. ಮಾಲಕರು ಹುಡುಗಿಗೆ ಮಾತಾಡಲು ಹೇಳಿದರು. ಹುಡುಗಿ ಒಳ್ಳೆಯವಳು, ಬೇರೆಯವರ ಕೆಲಸವನ್ನು ತನ್ನದೆನ್ನುವವಳಲ್ಲ. ಇದರ ಗುರು ನಾನಲ್ಲ, ಈ ಉಸ್ತಾದರು, ಇವರ ಕೈಯ ನಡುಕವನ್ನೇ ನಾನು ಮಶೀನಿಗೆ ಹಾಕಿದ್ದೇನೆ ಎಂದು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು. ಹೇಳುವಾಗ ಅವಳ ಮುಖ ಅರಳಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಂದವರಿಗೆಂದು ಶಾಲು ತಂದು ಇಟ್ಟಿದ್ದರು. ಮಾಲಕರು ಅದರಲ್ಲಿ ಒಂದನ್ನು ತೆಗೆದು ಉಸ್ತಾದರಿಗೆ ಹೊದಿಸಿದರು. ಆಮೇಲೆ ಸ್ಟೀಲಿನ ತಾಟಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಇಟ್ಟು ಮುಂದೆ ಹಿಡಿದರು. ಸನ್ಮಾನದ ತಾಟನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಅವರು ಎರಡೂ ಕೈಯನ್ನು ಜೇಬಿನಿಂದ ತೆಗೆದರು.

ತೆಂಗಿನಕಾಯಿ ತಾಟಿನ ಮೇಲೆ ಕಟಕಟ ಕಟಕಟ ಅನ್ನತೊಡಗಿತು. ಚಪ್ಪಾಳೆ ನಿಂತಿತು. ಚಪ್ಪಾಳೆ ನಿಂತ ಮೇಲೆ ಆ ಸಪ್ಪಳ ಇನ್ನೂ ಜೋರಾಗಿ ಕೇಳಿತು. ನಾರಾಯಣಪೇಟೆಯವಳು ಹೋಗಿ ತಾಟನ್ನು ಅವರ ಕೈಯಿಂದ ತೆಗೆದುಕೊಂಡಳು. ಅವಳು ಕೂಡ ಏನೂ ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಸೂಟಿನವರಲ್ಲಿ ಒಬ್ಬ ಇವರ ಕೈ ನೋಡಿದ, ಇವರ ಬೆಂಚು ನೋಡಿದ, ಮಾಲಕರ ಮುಖ ನೋಡಿದ.

ಮಾಲಕರು ಕೆಟ್ಟವರಲ್ಲ. ಎರಡು ದಿನ ಬಿಟ್ಟು ಒಳಗೆ ಕರೆದು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮರ್ಯಾದೆಯಿಂದಲೇ ಹೇಳಿದರಂತೆ. ಬೇಕಾದಾಗ ಬಂದು ಚಹಾ ಕುಡಿದು ಹೋಗಿ ಎಂದೂ ಹೇಳಿದರಂತೆ. ಉಸ್ತಾದರು ಹೊರಗೆ ಬಂದು ತಮ್ಮ ಬೆಂಚನ್ನು ಒರೆಸಿದರು. ಬಟ್ಟೆ ಮಡಚಿ ಇಟ್ಟರು. ನಂತರ ನಾನು ತೊಳೆಯುತ್ತಿದ್ದ ತೊಟ್ಟಿಯ ಹತ್ತಿರ ಬಂದು ನಿಂತರು.

"ಆ ಹುಡುಗಿಗೆ ಯಾರು ಹೇಳಿದ್ರು?"

"ನಾನಽ ಹೇಳೀನಿ," ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

"ನಿನ್ನ ಕಣ್ಣಿನ ಮಾತು ನಾ ಯಾರ ಮುಂದೂ ಆಡಲಿಲ್ಲ, ತಂಗಿ," ಎಂದರು. "ಇನ್ನ ಮುಂದ ತಾಟು ನೀನಽ ಸರಿ ನೋಡಿ ಇಡು. ಮೂರು ಎಂಟು ಅದಲು ಬದಲು ಆಗ್ತಾವ."

ಹೋದರು. ಶಾಲನ್ನು ಬೆಂಚಿನ ಮೇಲೆಯೇ ಬಿಟ್ಟು ಹೋಗಿದ್ದರು.

ನನ್ನ ಕೈ ಎಣ್ಣೆಯಲ್ಲಿತ್ತು. ಅಲ್ಲೇ ನಿಂತೆ. ಬೆಳಗಿನ ಆ ಬೆರಳಾಡಿಸುವಿಕೆ, ಆ ತುಟಿ ಅಲುಗಿಸುವುದು... ದೇವರ ಹೆಸರಲ್ಲ, ಅಂಕಿಗಳನ್ನು ಓದುತ್ತಿದ್ದರು. ನಾನು ತಪ್ಪಿಟ್ಟ ಜೋಡಿಗಳನ್ನು ದಿನಾ ಸರಿಮಾಡುತ್ತಿದ್ದರು. ನನ್ನ ಅಂದಾಜು ಗಟ್ಟಿ ಎಂದು ಹೆಮ್ಮೆಪಟ್ಟೆನಲ್ಲ, ಅದು ಅವರ ಕಣ್ಣು. ನಾನು ಅವರಿಗೆ ಅರ್ಧ ಲೋಟ ಚಹಾ ತಂದದ್ದನ್ನು ದೊಡ್ಡ ಉಪಕಾರ ಎಂದು ತಿಳಿದುಕೊಂಡಿದ್ದೆ.

ಮರುದಿನವೇ ತಾಟಿನಲ್ಲಿ ಎರಡು ಜೋಡಿ ತಪ್ಪಿದವು. ಅಳಿಯ ಎಷ್ಟು ನಡುಗಿದರೂ ಅವು ಹೋಗಲಿಲ್ಲ, ಕೆಂಪು ದೀಪ ಹತ್ತಿತು. ಹುಡುಗಿ ಮಶೀನಿನಲ್ಲಿ ದೋಷ ಹುಡುಕುತ್ತ ಕೂತಳು. ಮಧ್ಯಾಹ್ನದವರೆಗೆ ನೋಡಿದೆ, ಆಮೇಲೆ ಮಾಲಕರ ಹತ್ತಿರ ಹೋಗಿ ನನಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿದೆ. ಪ್ಯಾಕಿಂಗಿಗೆ ಹಾಕಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡೆ. ಇನ್ನೂ ಒಂದು ವರ್ಷ ದುಡಿದು ಕೆಲಸ ಬಿಟ್ಟೆ. ಆ ಒಂದು ವರ್ಷದಲ್ಲಿ ಉಸ್ತಾದರು ಚಹಾ ಕುಡಿಯಲು ಒಂದು ಸಲವೂ ಬರಲಿಲ್ಲ. ಅವರ ಮನೆ ಎಲ್ಲಿ ಎಂದು ನಾನೂ ಕೇಳಲಿಲ್ಲ. ಕೇಳಿದ್ದರೆ ಹೋಗಬೇಕಾಗುತ್ತಿತ್ತು. ಹೋಗಿ ಏನು ಹೇಳುವುದು?

ಹೊಲಿಗೆ ಮಶೀನಿನವನು ಹೋದ ಮೇಲೂ ಮನೆಯಲ್ಲಿ ವಾಸನೆ ಹಾಗೆಯೇ ಇತ್ತು. ಸಂಜೆ ನಾನು ಆ ಇಂಜಿನಿಯರ್ ಹುಡುಗಿಗೆ ಫೋನ್ ಮಾಡಿದೆ. ಈಗ ಹುಡುಗಿಯೇನಲ್ಲ, ಎರಡು ಮಕ್ಕಳ ತಾಯಿ. ಯುಗಾದಿಗೆ, ದಸರೆಗೆ ತಪ್ಪದೆ ಫೋನ್ ಮಾಡುವವಳು ಅವಳೇ. ಉಸ್ತಾದರ ಸುದ್ದಿ ಏನಾದರೂ ಗೊತ್ತಾ ಎಂದು ಕೇಳಿದೆ. ನಿಮಗೆ ಗೊತ್ತಿಲ್ಲವೇ ಅಮ್ಮಾ ಎಂದಳು. ತೀರಿಕೊಂಡು ಎರಡು ವರ್ಷವಾಯಿತಂತೆ. ಬೀದರಿನಲ್ಲಿ, ಮಗಳ ಮನೆಯಲ್ಲಿ. ಅವಳಿಗೆ ಮಾಲಕರು ಹೇಳಿದ್ದು. ನನಗೆ ಯಾರು ಹೇಳಬೇಕು? ಯಾರೂ ಇಲ್ಲ.

ಅವಳು ಮಾತು ನಿಲ್ಲಿಸಲಿಲ್ಲ. ಆಮೇಲೆ ಎಷ್ಟೋ ಕಾರ್ಖಾನೆಗಳಲ್ಲಿ ಅವಳು ತೋಳು ನಿಲ್ಲಿಸಿದ್ದಾಳಂತೆ. ಎಲ್ಲದರಲ್ಲೂ ಆ ನಡುಕ ಹಾಕುತ್ತಾಳಂತೆ, ಕಂಪ್ಯೂಟರಿನಲ್ಲಿ ಅದಕ್ಕೆ ಉಸ್ತಾದ್ ಎಂದೇ ಹೆಸರು ಬರೆಯುತ್ತಾಳಂತೆ. ಒಳ್ಳೆಯದು ಎಂದೆ. ಹೆಸರಿನಿಂದ ಹೋದವರಿಗೆ ಏನಾಗಬೇಕಿದೆ ಎಂದು ಮನಸ್ಸಿಗೆ ಬಂತು, ಹೇಳಲಿಲ್ಲ.

ಕೊನೆಗೆ ಅವಳೇ ಆ ದಿನದ ಮಾತು ತೆಗೆದಳು. ಎಲ್ಲರ ಮುಂದೆ ಶಾಲು ಹೊದಿಸಿಕೊಂಡು, ಸನ್ಮಾನ ಮಾಡಿಸಿಕೊಂಡು ನಿವೃತ್ತಿಯಾದರಲ್ಲ ಅಮ್ಮಾ, ಎಷ್ಟು ಜನಕ್ಕೆ ಆ ಭಾಗ್ಯ ಇರುತ್ತದೆ, ಅದಕ್ಕೆ ನಾನು ಕಾರಣಳಾದೆ ಎಂದು ಈಗಲೂ ಸಮಾಧಾನವಾಗುತ್ತದೆ ಎಂದಳು. ಅವತ್ತು ಅವರು ತುಂಬ ಖುಷಿಯಾಗಿದ್ದರು ಅಲ್ಲವೇ, ನಿಮಗೆ ಏನಾದರೂ ಹೇಳಿದ್ದರಾ ಎಂದು ಕೇಳಿದಳು.

ಖರೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನ್ನ ನಾಲಿಗೆ ಎಂದೂ ಹಾಗೆಯೇ.

"ಹೌದವ್ವಾ, ಭಾಳ ಖುಷಿಯಾಗಿದ್ರು. ನಿನ್ನ ಹೆಸರ ಹೇಳಿದ್ರು," ಎಂದೆ, ತೆಲುಗಿನಲ್ಲಿ. ಪರಭಾಷೆಯಲ್ಲಿ ಸುಳ್ಳು ಹೇಳುವುದು ಅಷ್ಟು ಕಷ್ಟವಲ್ಲ.

ಫೋನ್ ಇಟ್ಟ ಮೇಲೆ ಸೊಸೆ ಕೇಳಿದಳು, ಯಾರು ಸತ್ತದ್ದು ಎಂದು. ಕೆಲಸದ ಕಡೆಯವರೊಬ್ಬರು ಎಂದೆ. ಅವಳು ಹೋಗಿ ತನ್ನ ಮಶೀನಿನ ಮುಂದೆ ಕೂತಳು.